ಒಪ್ಪಿಸಿದ ಮಗ ಹಾಡುವ ಸ್ತುತಿ

ಶಿವರಾತ್ರಿ ಕಳೆದು ಮೂರು ದಿನವಾಗಿತ್ತು. ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿಯಲ್ಲಿ, ಕಾವೇರಿ ದಂಡೆಯ ಮರದಡಿ, ಮಂಟೇಸ್ವಾಮಿಯ ಪದ ಹಾಡುವ ಹಿರಿಯ ನೀಲಗಾರರೊಬ್ಬರ ಜೊತೆ ಟೀ ಕುಡಿಯುತ್ತ ಕೂತಿದ್ದೆ. ಅವರ ತಂಬೂರಿ ಹಳೇ ಪಂಚೆಯೊಂದನ್ನು ಸುತ್ತಿಕೊಂಡು ಬುಡಕ್ಕೆ ಒರಗಿತ್ತು. ಕೆಂಪಾಚಾರಿಯ ಭಾಗವನ್ನಷ್ಟೇ ಹಾಡಿ, ಅರ್ಧ ಗಂಟೆ ಸಾಕು, ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತೇನೆ ಎಂದು ಕೇಳಿದೆ. ಅವರು ಲೋಟ ಕೆಳಗಿಟ್ಟರು. "ಕತೆ ಬೇಕಾದ್ರೆ ಈಗ್ಲೇ ಹೇಳ್ತೀನಿ ಸಾ. ಪದ ಎತ್ಬೇಕು ಅಂದ್ರೆ ದೂಪ ಹಾಕ್ಬೇಕು, ಸ್ವಾಮಿ ಕರೀಬೇಕು. ಕರೆದ ಮೇಲೆ ಅರ್ಧಕ್ಕೆ ಎದ್ದೋಗಕ್ಕಾಗಲ್ಲ" ಅಂದರು.

ಮಂಟೇಸ್ವಾಮಿ ಪರಂಪರೆಯ ಬಗ್ಗೆ ನಾನು ಓದಿದ್ದ ಪುಸ್ತಕಗಳಲ್ಲಿ ಯಾವುದೂ ಈ ಮಾತನ್ನು ನನಗೆ ಇಷ್ಟು ನೇರವಾಗಿ ಹೇಳಿರಲಿಲ್ಲ. ಕತೆ ಬೇರೆ, ಪದ ಬೇರೆ. ಕತೆಯನ್ನು ಯಾರಿಗೆ ಬೇಕಾದರೂ ಹೇಳಬಹುದು. ಪದ ಹಾಡುವುದು ದೇವರ ಎದುರಿಗೆ. ಕೇಳುವವರಲ್ಲಿ ಮೊದಲನೆಯವನು ಗದ್ದುಗೆಯ ಮೇಲಿನವನು, ನಾವೆಲ್ಲ ಆಮೇಲೆ. ನಮ್ಮ ವಿಮರ್ಶೆ ಐವತ್ತು ವರ್ಷಗಳಿಂದ ಈ ಹಾಡಿಕೆಯನ್ನು 'ಜನಪದ ಮಹಾಕಾವ್ಯ' ಎಂದು ಕರೆಯುತ್ತ ಬಂದಿದೆ. ಆ ಹೆಸರಿನಿಂದ ಅದಕ್ಕೆ ಗೌರವ ಸಿಕ್ಕಿತು, ನಿಜ. ವಿಶ್ವವಿದ್ಯಾನಿಲಯದ ಬಾಗಿಲು ತೆರೆಯಿತು. ಆದರೆ ಮಹಾಕಾವ್ಯವೆಂದು ಕರೆದ ಕ್ಷಣದಿಂದ ನಾವು ಅದರಲ್ಲಿ ನಾಯಕನನ್ನು, ಕಥಾವಸ್ತುವನ್ನು, ಸಾಮಾಜಿಕ ಸಂಘರ್ಷವನ್ನು ಹುಡುಕತೊಡಗಿದೆವು. ಇದು ಮೊದಲಿಗೆ ಸ್ತುತಿ ಎಂಬುದು ಕೈತಪ್ಪಿ ಹೋಯಿತು. ಕೈತಪ್ಪಿದ್ದು ಸಣ್ಣ ಸಂಗತಿಯಲ್ಲ ಎಂಬುದು ನನ್ನ ವಾದ.

ಕಪ್ಪಡಿ ಮಂಟೇಸ್ವಾಮಿಯ ಶಿಷ್ಯ ರಾಚಪ್ಪಾಜಿಯ ನೆಲೆ, ಜೊತೆಗೆ ಚೆನ್ನಾಜಮ್ಮನದು. ಮಂಟೇಸ್ವಾಮಿ ಪಂಥದ ಗದ್ದುಗೆಗಳು ಒಂದೇ ಊರಿನಲ್ಲಿಲ್ಲ. ಮಂಟೇಸ್ವಾಮಿ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ, ಸಿದ್ಧಪ್ಪಾಜಿ ಚಿಕ್ಕಲ್ಲೂರಿನಲ್ಲಿ, ದೊಡ್ಡಮ್ಮತಾಯಿ ಮುತ್ತನಹಳ್ಳಿ ತೋಪಿನಲ್ಲಿ, ಲಿಂಗಯ್ಯ ಚೆನ್ನಯ್ಯ ಕುರುಬನಕಟ್ಟೆಯಲ್ಲಿ. ಪಡುವಲ ಕಡೆಯವರಿಗೆ, ಅಂದರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಒಕ್ಕಲುಗಳಿಗೆ, ಹತ್ತಿರದ ಗದ್ದುಗೆ ಕಪ್ಪಡಿಯದು. ಶಿವರಾತ್ರಿಗೆ ಶುರುವಾಗುವ ಜಾತ್ರೆ ಯುಗಾದಿಯ ತನಕ, ಸುಮಾರು ಒಂದು ತಿಂಗಳು ನಡೆಯುತ್ತದೆ. ಆ ಹೊತ್ತಿಗೆ ಭತ್ತ ಮನೆಗೆ ಬಂದಿರುತ್ತದೆ, ಹುಣಸೂರು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹರಾಜು ಮುಗಿಯುತ್ತ ಬಂದಿರುತ್ತದೆ. ಟ್ರ್ಯಾಕ್ಟರಿನಲ್ಲಿ ಪಾತ್ರೆ, ಸೌದೆ, ಕೋಳಿ, ಮಕ್ಕಳನ್ನು ತುಂಬಿಕೊಂಡು ಬರುತ್ತಾರೆ. ಹೊಳೆಯಲ್ಲಿ ಮಿಂದು, ಅಡುಗೆ ಮಾಡಿ, ಸಾಲಾಗಿ ಕೂತು ಉಣ್ಣುತ್ತಾರೆ. ಪಂಥದ ಲಾಂಛನವಾದ ಕಂಡಾಯ ಹೊತ್ತವರ ಸುತ್ತ ಜನ ಮುಗಿಬೀಳುತ್ತಾರೆ. ಹಣೆಗೆ ವಿಭೂತಿಯ ಬದಲು ಕಪ್ಪು ಧೂಳ್ತ.

ರಾತ್ರಿ ಒಲೆಗಳು ಆರಿದ ಮೇಲೆ ಅಲ್ಲೊಂದು ಇಲ್ಲೊಂದು ಕಡೆ ತಂಬೂರಿ ಮಿಡಿಯುತ್ತದೆ.

ಗ್ರೀಕರ ದೇವಸ್ತುತಿಗಳ ಬಗ್ಗೆ ಇಲ್ಲಿ ಹೇಳಬೇಕು, ಏಕೆಂದರೆ ನೀಲಗಾರರ ಪದವನ್ನು ಹೇಗೆ ಕೇಳಬೇಕೆಂಬುದನ್ನು ನಾನು ಒಂದು ಮಟ್ಟಿಗೆ ಕಲಿತದ್ದು ಅವುಗಳಿಂದ. ಮೈಸೂರಿಗೆ ಗ್ರೀಕ್ ಸಾಹಿತ್ಯ ಬಂದದ್ದು ನಾಟಕದ ಬಾಗಿಲಿನಿಂದ. ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲೀಸನ ಏಜಾಕ್ಸನನ್ನು 'ಅಶ್ವತ್ಥಾಮನ್' ಆಗಿಸಿದರು, ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ತಂದರು. ಹೀಗಾಗಿ ಗ್ರೀಕ್ ಎಂದರೆ ನಮಗೆ ರುದ್ರನಾಟಕ, ವಿಧಿ, ರಾಜರ ಪತನ. ಅವರಲ್ಲಿ ಅದಕ್ಕಿಂತ ಹಳೆಯ ಇನ್ನೊಂದು ಕಾವ್ಯವಿತ್ತು. ಹೋಮರನ ಹೆಸರಿನಲ್ಲಿ ಉಳಿದುಬಂದಿರುವ ಮೂವತ್ತಮೂರು ದೇವಸ್ತುತಿಗಳು, ಅವನು ಬರೆದವಲ್ಲ, ಅವನ ಛಂದಸ್ಸಿನಲ್ಲಿ ಹಾಡುಗಾರರು ಕಟ್ಟಿದವು. ಕೆಲವು ನಾಲ್ಕೈದು ಸಾಲಿನವು. ಅಪೊಲೊ, ಹರ್ಮಿಸ್, ಡಿಮೀಟರ್, ಅಫ್ರೊಡೈಟಿಯರ ಮೇಲಿನ ನಾಲ್ಕು ಮಾತ್ರ ನೂರಾರು ಸಾಲುಗಳಷ್ಟು ಉದ್ದ. ಇವುಗಳ ನಡೆ ಹೆಚ್ಚುಕಡಿಮೆ ಒಂದೇ: ದೇವರ ಹೆಸರು, ಬಿರುದುಗಳು, ಆಮೇಲೆ ಆ ದೇವರು ಹುಟ್ಟಿದ್ದೋ ಒಂದು ಊರಿಗೆ ಬಂದದ್ದೋ ಒಂದು ಕತೆ, ಕೊನೆಗೆ ನಮಸ್ಕಾರ. ಇತಿಹಾಸಕಾರ ಥ್ಯುಸಿಡಿಡೀಸ್ ಇವುಗಳಲ್ಲೊಂದನ್ನು ಪೀಠಿಕೆಯ ಹಾಡೆಂದು ಕರೆದ. ದೊಡ್ಡ ವೀರಕಾವ್ಯ ಹಾಡುವ ಮೊದಲು ದೇವರಿಗೆ ಸಲ್ಲಿಸುವ ಪಾಲು ಎಂದರ್ಥ.

ನಮ್ಮಲ್ಲೂ ಪದಕ್ಕೆ ಮೊದಲು ಸ್ತುತಿ ಇದ್ದೇ ಇದೆ. ಆದರೆ ವ್ಯತ್ಯಾಸ ಗಮನಿಸಿ. ಗ್ರೀಕರಲ್ಲಿ ಸ್ತುತಿ ಮುಗಿದ ಮೇಲೆ ಕಾವ್ಯ ಬೇರೆಯಾಗಿ ಶುರುವಾಗುತ್ತದೆ. ನೀಲಗಾರರಲ್ಲಿ ಸ್ತುತಿ ಮುಗಿಯುವುದೇ ಇಲ್ಲ. ಮುಂದಾಳು ಒಂದಿಷ್ಟು ಕತೆ ಹೇಳುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ, ಆ ಸೊಲ್ಲು ದೇವರನ್ನು ಮತ್ತೆ ಕರೆಯುತ್ತದೆ. ರಾತ್ರಿಯಿಡೀ ಹೀಗೆ. ಕತೆ ನಾಲ್ಕು ಹೆಜ್ಜೆ ಇಟ್ಟರೆ ಸ್ತುತಿ ಅದನ್ನು ಹಿಂದಕ್ಕೆ ಗದ್ದುಗೆಗೆ ಕರೆತರುತ್ತದೆ. ಅಚ್ಚು ಹಾಕಿದ ಪಠ್ಯದಲ್ಲಿ ಈ ಸೊಲ್ಲು ಮೊದಲ ಪುಟದಲ್ಲೊಮ್ಮೆ ಕಾಣಿಸಿ, ಮುಂದೆ ಚುಕ್ಕಿಗಳಾಗಿ, ಆಮೇಲೆ ಮಾಯವಾಗುವುದನ್ನು ನೋಡಿದ್ದೇನೆ. ಪುನರಾವರ್ತನೆ ಎಂದು ಬಿಟ್ಟಿರುತ್ತಾರೆ, ಕಾಗದದ ಖರ್ಚೂ ಇತ್ತು. ಆದರೆ ಹಾಗೆ ಬಿಟ್ಟದ್ದರಿಂದ ಓದುಗನ ಕೈಗೆ ಬಂದದ್ದು ಆ ನೀಲಗಾರರು ಮರದಡಿ ಕೂತು ಹೇಳಲು ಒಪ್ಪಿದ ಕತೆ. ಧೂಪ ಹಾಕಿ ಎತ್ತುವ ಪದ ಬರಲಿಲ್ಲ.

ಈಗ ಕೆಂಪಾಚಾರಿಯ ಸಾಲಿಗೆ, ಅಂದರೆ ಪದದಲ್ಲಿ ಅವನ ಕತೆ ಬರುವ ಭಾಗಕ್ಕೆ, ಬರೋಣ. ಪರಂಪರೆಯ ಹೃದಯವಿರುವುದು ಇಲ್ಲಿ.

ಹಾಡುಗಾರರಿಂದ ಹಾಡುಗಾರರಿಗೆ ವಿವರ ಬದಲಾದರೂ ಎಲುಬು ಒಂದೇ. ನಿಡಘಟ್ಟದಲ್ಲಿ ಪಾಂಚಾಳದವರ ಒಂದು ಮನೆ, ಕುಲುಮೆಯ ಕೆಲಸ. ಆ ಮನೆಯ ತಾಯಿ ಮುದ್ದಮ್ಮ. ಅವಳ ಮಗ ಕೆಂಪಾಚಾರಿ. ಮಂಟೇಸ್ವಾಮಿ ಆ ಬಾಗಿಲಿಗೆ ಬಂದು ಕೇಳುವ ಭಿಕ್ಷೆ ರಾಗಿಯಲ್ಲ, ದುಡ್ಡಲ್ಲ, ಆ ಮಗ. ತಾಯಿ ತಂದೆ ಕೊಡುವುದಿಲ್ಲ. ದೇವರು ಬಿಡುವುದಿಲ್ಲ. ಮನೆಗೆ ಕಷ್ಟದ ಮೇಲೆ ಕಷ್ಟ ಬರುತ್ತದೆ. ಕೊನೆಗೆ ಮಗ ದೇವರ ಹಿಂದೆ ಹೋಗುತ್ತಾನೆ, ಸಿದ್ಧಪ್ಪಾಜಿಯಾಗುತ್ತಾನೆ. ಆಮೇಲೆ ಗುರು ಅವನನ್ನು ಕಬ್ಬಿಣದ ಭಿಕ್ಷೆಗೆಂದು ಹಲಗೂರಿನ ಪಾಂಚಾಳರ ಬಳಿಗೇ ಕಳಿಸುತ್ತಾನೆ. ಯಾವ ಕಬ್ಬಿಣ ಹುಟ್ಟಿನಿಂದಲೇ ಅವನ ಮನೆಯದಾಗಿತ್ತೋ ಅದೇ ಕಬ್ಬಿಣವನ್ನು ಅವನು ತನ್ನ ಕುಲದವರ ಮುಂದೆ ಜೋಳಿಗೆ ಒಡ್ಡಿ ಬೇಡಬೇಕು. ಅವರು ಸುಲಭಕ್ಕೆ ಕೊಡುವುದಿಲ್ಲ, ಪ್ರಾಣಾಂತಿಕ ಪರೀಕ್ಷೆಗಳನ್ನು ಒಡ್ಡುತ್ತಾರೆ.

ಇದನ್ನು ಡಿಮೀಟರ್ ಸ್ತುತಿಯ ಪಕ್ಕದಲ್ಲಿಡಿ. ಮಗಳನ್ನು ಪಾತಾಳದ ಒಡೆಯ ಹೊತ್ತೊಯ್ದ ದುಃಖದಲ್ಲಿ ಧಾನ್ಯದೇವತೆ ಡಿಮೀಟರ್ ಮುದುಕಿಯ ವೇಷದಲ್ಲಿ ಎಲ್ಯೂಸಿಸ್ ಎಂಬ ಊರಿಗೆ ಬಂದು ಬಾವಿಕಟ್ಟೆಯ ಬಳಿ ಕೂರುತ್ತಾಳೆ. ಅರಸುಮನೆಯ ಹೆಣ್ಣುಮಕ್ಕಳು ಅವಳನ್ನು ಕರೆದೊಯ್ದು ತಮ್ಮ ಎಳೆ ತಮ್ಮನನ್ನು ಸಾಕಲು ಇಟ್ಟುಕೊಳ್ಳುತ್ತಾರೆ. ಅವಳು ಆ ಮಗುವನ್ನು ಸಾವಿಲ್ಲದವನನ್ನಾಗಿ ಮಾಡಬೇಕೆಂದು ರಾತ್ರಿ ರಾತ್ರಿ ಬೆಂಕಿಯಲ್ಲಿಡುತ್ತಾಳೆ. ಒಂದು ರಾತ್ರಿ ತಾಯಿ ಮೆಟನೈರ ಅದನ್ನು ಕಂಡು ಚೀರುತ್ತಾಳೆ. ದೇವತೆ ಸಿಟ್ಟಿಗೆದ್ದು ಮಗುವನ್ನು ನೆಲಕ್ಕೆ ಹಾಕುತ್ತಾಳೆ. ಅಲ್ಲಿಗೆ ಆ ಮಗುವಿನ ಅಮರತ್ವ ಮುಗಿಯಿತು. ಅದರ ಬದಲು ಊರಿಗೆ ಒಂದು ಗುಡಿ, ಮುಂದೆ ಒಂದು ವ್ರತ ಸಿಗುತ್ತದೆ. ಆ ವ್ರತದ ಒಳಗುಟ್ಟನ್ನು ಹೊರಗೆ ಹೇಳುವಂತಿಲ್ಲ.

ಎರಡು ಕಡೆಯೂ ಬಾಗಿಲಿಗೆ ಬಂದ ದೇವರನ್ನು ಗುರುತಿಸದ ಮನೆ, ಬೆಂಕಿ, ಮಗು, ತಾಯಿಯ ಕೂಗು ಇವೆ. ಗ್ರೀಕ್ ಸ್ತುತಿಯಲ್ಲಿ ತಾಯಿಯ ಕೂಗಿಗೆ ದೇವರ ಕೆಲಸ ನಿಂತುಹೋಗುತ್ತದೆ, ಮಗು ಮನುಷ್ಯನಾಗಿಯೇ ಉಳಿಯುತ್ತದೆ. ನಮ್ಮದರಲ್ಲಿ ಕೂಗು ದೇವರನ್ನು ನಿಲ್ಲಿಸುವುದಿಲ್ಲ. ಆದರೆ ಆ ಕೂಗನ್ನು ಪದ ಬಿಟ್ಟುಕೊಡುವುದಿಲ್ಲ. ಮೆಟನೈರಳ ಮಾತು ಕೆಲವೇ ಸಾಲಿನದು. ಮುದ್ದಮ್ಮನ ಅಳಲನ್ನು ಒಳ್ಳೆಯ ನೀಲಗಾರರು ಎಷ್ಟೋ ಹೊತ್ತು ಹಾಡುತ್ತಾರೆ, ಕೇಳುತ್ತಿರುವ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅವಳು ದೇವರಿಗೆ ಆಡುವ ಮಾತುಗಳಲ್ಲಿ ಬೈಗುಳವಿದೆ, ಶಾಪವಿದೆ. ಆ ಅಳಲು ಮುಗಿದ ಕೂಡಲೇ ಹಿಮ್ಮೇಳ ಅದೇ ದೇವರನ್ನು ಅದೇ ಪ್ರೀತಿಯ ಬಿರುದುಗಳಿಂದ ಕರೆಯುತ್ತದೆ. ಎರಡರ ನಡುವೆ ಸಮಾಧಾನದ ಒಂದು ಮಾತೂ ಇರುವುದಿಲ್ಲ.

ಇದನ್ನು ನಿಂದಾಸ್ತುತಿ ಎನ್ನಬಹುದೇ? ಕೆಲವರು ಹಾಗೆ ಬರೆದಾರು. ನನಗೆ ಒಪ್ಪಿಗೆಯಿಲ್ಲ. ದಾಸರ ನಿಂದಾಸ್ತುತಿಯಲ್ಲಿ ನಿಂದೆ ಸಲಿಗೆಯದು, ನಿಂದಿಸುವವನೂ ಸ್ತುತಿಸುವವನೂ ಒಬ್ಬನೇ, ಒಳಗೆ ನಗುವಿದೆ. ಇಲ್ಲಿ ನಿಂದೆ ತಾಯಿಯದು, ಸ್ತುತಿ ಹಾಡುಗಾರನದು, ತಾಯಿಯ ನಷ್ಟ ನಿಜವಾದದ್ದು. ದೇವರನ್ನು ಹೊಗಳಬೇಕಾದರೆ ಅವನು ಒಳ್ಳೆಯವನೆಂದು ತೋರಿಸಬೇಕೆಂಬ ಹಟ ಪ್ಲೇಟೊವಿನದು. ತನ್ನ ಆದರ್ಶ ನಗರದಲ್ಲಿ ಅವನು ಕವಿತೆಗಳ ಪೈಕಿ ದೇವಸ್ತುತಿಗಳಿಗೂ ಸಜ್ಜನರ ಪ್ರಶಂಸೆಗೂ ಮಾತ್ರ ಜಾಗ ಕೊಟ್ಟ. ಹುಟ್ಟಿದ ದಿನವೇ ಅಣ್ಣನ ಐವತ್ತು ದನ ಕದಿಯುವ ಹರ್ಮಿಸ್‌ನ ಸ್ತುತಿ ಆ ನಗರದ ಹೆಬ್ಬಾಗಿಲು ದಾಟುತ್ತಿರಲಿಲ್ಲ. ಮಂಟೇಸ್ವಾಮಿಯೂ ದಾಟುತ್ತಿರಲಿಲ್ಲ. ನೀಲಗಾರರ ನಂಬಿಕೆ ಬೇರೆ. ದೇವರು ದೊಡ್ಡವನು ಎಂಬುದಕ್ಕೆ ಅವನು ಕೇಳುವ ಬೆಲೆಯೇ ಸಾಕ್ಷಿ, ಆ ಬೆಲೆಯನ್ನು ಪೂರ್ತಿ ಹೇಳದೆ ಮಾಡಿದ ಸ್ತುತಿ ಅರೆಬರೆ.

ಇಲ್ಲೊಂದು ಸಂಗತಿಯನ್ನು ನಮ್ಮ ವಿಮರ್ಶಕರು ಕಂಡೂ ಅದರ ಮೇಲೆ ನಿಲ್ಲಲಿಲ್ಲ. ನೀಲಗಾರನಾಗುವುದೆಂದರೆ ಗುರುವಿನಿಂದ ದೀಕ್ಷೆ ಪಡೆಯುವುದು. ಎಷ್ಟೋ ಒಕ್ಕಲು ಮನೆಗಳಲ್ಲಿ ಒಬ್ಬ ಮಗನನ್ನು ಹರಕೆಯಾಗಿ ನೀಲಗಾರನನ್ನಾಗಿ ಬಿಡುತ್ತಾರೆ. ಜೋಳಿಗೆ ಹಿಡಿಯುವುದು, ಭಿಕ್ಷೆ ಬೇಡುವುದು ಆ ದೀಕ್ಷೆಯ ಭಾಗ. ಅಂದರೆ ಮುದ್ದಮ್ಮನ ಮಗನ ಸಾಲನ್ನು ಹಾಡುತ್ತಿರುವವನು ತಾನೇ ಒಬ್ಬ ಒಪ್ಪಿಸಿದ ಮಗ. ಅವನ ತಾಯಿಯೂ ಯಾವುದೋ ಹಳ್ಳಿಯಲ್ಲಿ ಅತ್ತಿದ್ದಾಳು, ಇಲ್ಲವೇ ಸಂತೋಷಪಟ್ಟಿದ್ದಾಳು. ಡಿಮೀಟರ್ ಸ್ತುತಿ ಎಲ್ಯೂಸಿಸ್ಸಿನ ವ್ರತ ಹುಟ್ಟಿದ ಬಗೆಯನ್ನು ಹೇಳುವಂತೆ ಕೆಂಪಾಚಾರಿಯ ಸಾಲು ನೀಲಗಾರ ಹುಟ್ಟಿದ ಬಗೆಯನ್ನು ಹೇಳುತ್ತದೆ. ಅದು ಹಾಡುವವನ ಸ್ವಂತ ದೀಕ್ಷೆಯ ಕತೆ. ಜೀ.ಶಂ. ಪರಮಶಿವಯ್ಯನವರ ತಲೆಮಾರು ಈ ಹಾಡುಗಾರರನ್ನು ದೇವರಗುಡ್ಡರು, ಹೆಳವರು, ಕಿನ್ನರಿ ಜೋಗಿಗಳ ಜೊತೆ 'ವೃತ್ತಿಗಾಯಕರು' ಎಂಬ ವರ್ಗದಲ್ಲಿ ಸೇರಿಸಿತು. ಸಂಗ್ರಹಕ್ಕೆ ಹೊರಟವರಿಗೆ ಇಂಥ ವಿಂಗಡಣೆ ಬೇಕಿತ್ತು, ಅವರು ಹೆಗಲ ಮೇಲೆ ಹೊತ್ತ ಕೆಲಸ ಎಷ್ಟು ದೊಡ್ಡದೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಆದರೂ ವೃತ್ತಿ ಎಂಬ ಮಾತು ವ್ರತವನ್ನು ಮುಚ್ಚಿಬಿಟ್ಟಿತು.

ಬಿರುದುಗಳ ವಿಷಯದಲ್ಲೂ ಇಂಥದೇ ಒಂದು ಎಡವಟ್ಟು ಆಗಿದೆ. ಹೋಮರನ ಬಿರುದುಗಳು ಛಂದಸ್ಸನ್ನು ತುಂಬಲು ಹಾಡುಗಾರನಿಗೆ ಒದಗುವ ಸಿದ್ಧ ನುಡಿಗಟ್ಟುಗಳೆಂದು ತೋರಿಸಿದ್ದ ವಿದ್ವಾಂಸ ಮಿಲ್ಮನ್ ಪ್ಯಾರಿ, 1930ರ ದಶಕದಲ್ಲಿ ಯುಗೊಸ್ಲಾವಿಯದ ಹಾಡುಗಾರರನ್ನು ಕೇಳಿ ಅದನ್ನು ಜೀವಂತ ಹಾಡಿಕೆಯಲ್ಲಿ ಪರೀಕ್ಷಿಸಿದರು. ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಅದನ್ನು ಪುಸ್ತಕವಾಗಿ ವಿಸ್ತರಿಸಿದರು. ಆ ಸಿದ್ಧಾಂತ ನಮ್ಮ ಜಾನಪದ ವಿಭಾಗಗಳಿಗೂ ಬಂತು. ಮಂಟೇಸ್ವಾಮಿಗೆ ಧರೆಗೆ ದೊಡ್ಡವರು, ಪರಂಜ್ಯೋತಿ ಎಂದೆಲ್ಲ ಹೆಸರುಗಳಿವೆ. ಇವನ್ನು ನೆನಪಿನ ಊರುಗೋಲುಗಳೆಂದು ವಿವರಿಸಿದರೆ ಸುಳ್ಳಲ್ಲ, ಅರ್ಧ ನಿಜ. ಹಾಡುಗಾರ ಉಸಿರು ತೆಗೆದುಕೊಳ್ಳಲು ಅವು ನೆರವಾಗುತ್ತವೆ. ಆದರೆ ಗದ್ದುಗೆಯ ಮುಂದೆ ಅಂಥ ಪ್ರತಿಯೊಂದು ಹೆಸರೂ ಒಂದು ಕೈಮುಗಿತ. ಒಕ್ಕಲುಗಳ ಪೈಕಿ ಮುದುಕರು ಆ ಹೆಸರು ಬಂದಾಗಲೆಲ್ಲ ಕುಳಿತಲ್ಲೇ ಕೈಜೋಡಿಸುವುದನ್ನು ನಾನು ಕಪ್ಪಡಿಯಲ್ಲಿ ನೋಡಿದ್ದೇನೆ. ತೂಕಡಿಸುತ್ತಿದ್ದವರ ಕೈಗಳೂ ತಾವಾಗಿ ಸೇರುತ್ತವೆ.

ಕಲ್ಯಾಣದ ಸಾಲಿನ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ, ನಾನು ಹೆಚ್ಚು ಬೆಳೆಸುವುದಿಲ್ಲ. ಅಸಹ್ಯವಾದ ರೂಪದಲ್ಲಿ ಕಲ್ಯಾಣದ ಬಾಗಿಲಿಗೆ ಬಂದ ಮಂಟೇಸ್ವಾಮಿಯನ್ನು ಕಾವಲಿನವರು ಒಳಗೆ ಬಿಡುವುದಿಲ್ಲ. ಬಸವಣ್ಣ ಮತ್ತು ನೀಲಮ್ಮ ಗುರುತಿಸುತ್ತಾರೆ, ಲಕ್ಷಾಂತರ ಜಂಗಮರು ಪರೀಕ್ಷೆಯಲ್ಲಿ ಸೋಲುತ್ತಾರೆ. ಹನ್ನೆರಡನೇ ಶತಮಾನದ ಕಲ್ಯಾಣಕ್ಕೆ ಅದಕ್ಕಿಂತ ಬಹಳ ಈಚಿನ ಮಂಟೇಸ್ವಾಮಿಯನ್ನು ಕಳಿಸಿದ ಈ ಕಲ್ಪನೆ ಕನ್ನಡ ಸಾಹಿತ್ಯದ ಅತಿ ದಿಟ್ಟ ಕಲ್ಪನೆಗಳಲ್ಲೊಂದು. ವಚನ ಚಳವಳಿಯನ್ನು ಒಳಗಿನಿಂದಲೇ ಅಳೆದು ನೋಡಿದ ಇಂಥ ಕೃತಿ ಅಕ್ಷರ ಬಲ್ಲವರಿಂದ ಬರಲಿಲ್ಲ. ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾ ಪ್ರಸಂಗ' ಇದನ್ನು ರಂಗಕ್ಕೆ ತಂದು ನಗರದ ಪ್ರೇಕ್ಷಕರಿಗೆ ಅದರ ಕಸುವು ತೋರಿಸಿತು. ಅಲ್ಲಿಂದ ಮುಂದೆ ಮಂಟೇಸ್ವಾಮಿ ಎಂದರೆ ಪ್ರತಿಭಟನೆ ಎಂಬ ಸಮೀಕರಣ ಗಟ್ಟಿಯಾಯಿತು. ಪ್ರತಿಭಟನೆ ಅದರಲ್ಲಿದೆ. ಕಲ್ಯಾಣದ ಬಾಗಿಲಿನಲ್ಲಿ ತಡೆಸಿಕೊಂಡ ದೇವರನ್ನು ಊರಾಚೆ ಕೇರಿಯ ಹಾಡುಗಾರ ಹೊಗಳುವಾಗ ಆ ಬಾಗಿಲು ಯಾವುದೆಂದು ಕೇಳುವವರಿಗೆಲ್ಲ ಗೊತ್ತು. ಆದರೆ ಪ್ರತಿಭಟನೆ ಅಲ್ಲಿ ಭಕ್ತಿಯ ಒಳಗಿಂದಲೇ ಬರುತ್ತದೆ. ಭಕ್ತಿಯನ್ನು ಬದಿಗಿಟ್ಟರೆ ಉಳಿಯುವುದು ನಮಗೆ ಮೊದಲೇ ಗೊತ್ತಿದ್ದ ವಿಚಾರ ಮಾತ್ರ.

ಹೊಗಳಿಕೆಯಲ್ಲೇ ಈ ಲೇಖನ ಮುಗಿಸಿದರೆ ಪರಂಪರೆಗೆ ಅನ್ಯಾಯವಾದೀತು. ಕೊರತೆಗಳಿವೆ.

ತಾಯಂದಿರ ದುಃಖವನ್ನು ಇಷ್ಟು ಆಳವಾಗಿ ಹಾಡುವ ಪರಂಪರೆಯಲ್ಲಿ ಹಾಡುವವರು ಬಹುಮಟ್ಟಿಗೆ ಗಂಡಸರೇ. ಚೆನ್ನಾಜಮ್ಮನಿಗೆ ಕಪ್ಪಡಿಯಲ್ಲಿ ಗದ್ದುಗೆಯಿದೆ, ನಾನು ಕೇಳಿದ ಹಾಡಿಕೆಗಳಲ್ಲಿ ಅವಳಿಗೆ ತಕ್ಕಷ್ಟು ಪದವಿಲ್ಲ. ರಾಚಪ್ಪಾಜಿಯ ಮಾತೂ ಅಷ್ಟೇ. ಕಪ್ಪಡಿ ಜಾತ್ರೆಯಲ್ಲೇ ಜನ ಕೇಳುವುದು, ಹಾಡುಗಾರರು ಎತ್ತುವುದು ಸಿದ್ಧಪ್ಪಾಜಿಯನ್ನು. ಕಾರಣ ಊಹಿಸಬಹುದು: ಸಿದ್ಧಪ್ಪಾಜಿಯ ಕತೆಯಲ್ಲಿ ತಾಯಿಯಿದ್ದಾಳೆ, ಕುಲುಮೆಯಿದೆ, ಹಲಗೂರಿದೆ. ರಾಚಪ್ಪಾಜಿಯದು ಸೇವೆಯ ಕತೆ, ಸೇವೆಯನ್ನು ಹಾಡುವುದು ಕಷ್ಟ. ಆದರೂ ತನ್ನ ಅಂಗಳದಲ್ಲೇ ದೇವರಿಗೆ ಎರಡನೇ ಜಾಗ ಸಿಗುವುದನ್ನು ಕಂಡಾಗ ಬೇಸರವಾಗುತ್ತದೆ.

ಕ್ಯಾಸೆಟ್ಟಿನಿಂದ ಆದದ್ದು ಇನ್ನೊಂದು. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ಧ್ವನಿ ಕ್ಯಾಸೆಟ್ಟಿನ ಮೂಲಕ ಮನೆ ಮನೆಗೆ ತಲುಪಿತು. ಪದ ಉಳಿದದ್ದರಲ್ಲಿ ಆ ಧ್ವನಿಯ ಪಾಲು ದೊಡ್ಡದು. ಆದರೆ ಗಂಟೆಯ ಲೆಕ್ಕಕ್ಕೆ ಹೊಂದಿಸಿದಾಗ ಪವಾಡಗಳು ಉಳಿದವು, ಅಳಲು ಕುಗ್ಗಿತು, ಸೊಲ್ಲು ಹಿನ್ನೆಲೆ ಸಂಗೀತವಾಯಿತು. ಈಗ ಮೊಬೈಲಿನಲ್ಲಿ ಹತ್ತು ನಿಮಿಷದ ತುಣುಕುಗಳು. ಕಲಿಯುವ ಹುಡುಗರು ಆ ತುಣುಕುಗಳನ್ನೇ ಕೇಳಿ ಕಲಿಯುತ್ತಿದ್ದಾರೆ. ದೇವರಗುಡ್ಡರು ಹಾಡುವ ಮಾದೇಶ್ವರನ ಕಂಸಾಳೆಗೆ ಇದಕ್ಕಿಂತ ಮುಂಚೆಯೇ ಇನ್ನೊಂದು ಬಗೆಯ ಏಟು ಬಿತ್ತು. ಎಚ್.ಡಿ. ಕೋಟೆಯ ಭೀಮನಕೊಲ್ಲಿಯಲ್ಲಿ ಕಬಿನಿ ಹಿನ್ನೀರಿನ ದಂಡೆಯ ಮೇಲೆ ಮಾದೇಶ್ವರನ ಗುಡಿಯಿದೆ, ಗುಡ್ಡರು ಇಂದಿಗೂ ಅಲ್ಲಿಗೆ ಬರುತ್ತಾರೆ. ಆದರೆ ಕಂಸಾಳೆ ಎಂದರೆ ಹೊರಗಿನವರಿಗೆ ದಸರಾ ಮೆರವಣಿಗೆಯ ಕುಣಿತ. ಅದರೊಳಗಿನ ಸಂಕಮ್ಮನ ಸಾಲು, ಜುಂಜೇಗೌಡನ ಸಾಲು ಅವರ ಕಿವಿಗೆ ಬಿದ್ದಿಲ್ಲ. ಹೆಬ್ಬಣಿ ಮಾದಯ್ಯನವರ ತಂಡದಿಂದ ಕೆ. ಕೇಶವನ್ ಪ್ರಸಾದರು ಮಾದೇಶ್ವರ ಕಾವ್ಯವನ್ನು ಸಂಗ್ರಹಿಸಿ ಓದುಗರಿಗೆ ಒದಗಿಸಿದ್ದಾರೆ. ತಂಬೂರಿಗೆ ಕುಣಿತವಿಲ್ಲ, ಹಾಗಾಗಿ ಮೆರವಣಿಗೆ ಅದನ್ನು ಎಳೆದುಕೊಳ್ಳಲಿಲ್ಲ. ಅದು ಕೂತಲ್ಲೇ ಉಳಿಯಿತು.

ಗದ್ದುಗೆಯಿಂದ ಗ್ರಂಥಾಲಯಕ್ಕೆ ಹೋದ ಸ್ತುತಿಗೆ ಏನಾಗುತ್ತದೆಂದು ಗ್ರೀಕರ ಚರಿತ್ರೆ ತೋರಿಸುತ್ತದೆ. ಕ್ರಿ.ಪೂ. ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕಲಿಮಾಕಸ್ ಆರು ದೇವಸ್ತುತಿಗಳನ್ನು ಬರೆದ. ದೊಡ್ಡ ಪಂಡಿತ, ಒಂದೊಂದು ಪದವೂ ಕಡೆದಿಟ್ಟದ್ದು. ಅವನ ಸ್ತುತಿಗಳಲ್ಲಿ ಹಬ್ಬದ ಜನ, ಮೆರವಣಿಗೆ, ದೇವರ ಬರವಿಗೆ ಕಾಯುವ ತವಕ ಎಲ್ಲ ಇದೆ, ಆದರೆ ಅವೆಲ್ಲ ಪುಟದ ಮೇಲೆ. ಡಿಮೀಟರ್‌ನ ಹಳೆಯ ಸ್ತುತಿಯ ಗತಿ ಇನ್ನೂ ಕಷ್ಟದ್ದು. ಎಲ್ಯೂಸಿಸ್ಸಿನ ವ್ರತ ನಿಂತು ಶತಮಾನಗಳಾದ ಮೇಲೆ, 1777ರಲ್ಲಿ, ಮಾಸ್ಕೋದಲ್ಲಿ ಅದರ ಒಂದೇ ಒಂದು ಹಸ್ತಪ್ರತಿ ಸಿಕ್ಕಿತು, ಅದರಲ್ಲೂ ಕೆಲವು ಸಾಲು ಹರಿದಿತ್ತು. ಡೆಲ್ಫಿಯ ಕಲ್ಲಿನ ಮೇಲೆ ಎರಡು ಸ್ತುತಿಗಳು ಸ್ವರಚಿಹ್ನೆಗಳ ಸಮೇತ ಉಳಿದವು, 1893ರಲ್ಲಿ ದೊರೆತವು. ಇಷ್ಟು ಹಳೆಯ ದೇವರ ಹಾಡು ಹೇಗೆ ಕೇಳಿಸುತ್ತಿತ್ತೆಂದು ತಿಳಿಯಲು ವಿದ್ವಾಂಸರು ಆ ಒಡೆದ ಕಲ್ಲುಗಳ ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಕೂತಿದ್ದಾರೆ. ನಮಗೆ ಕಲ್ಲು ಬೇಕಿಲ್ಲ, ಹಾಡುವವರು ಇದ್ದಾರೆ.

ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಿಭಾಗವಾಗಲಿ ಕರ್ನಾಟಕ ಜಾನಪದ ಅಕಾಡೆಮಿಯಾಗಲಿ ಒಂದು ಕೆಲಸ ಮಾಡಬೇಕು. ಒಂದು ಜಾತ್ರೆಯ ಪೂರ್ತಿ ತಿಂಗಳು ಕಪ್ಪಡಿಯಲ್ಲೇ ಇದ್ದು, ಸುತ್ತಲಿನ ತಾಲ್ಲೂಕುಗಳಿಂದ ಬರುವ ನೀಲಗಾರರ ಪದವನ್ನು ಅವರು ಎತ್ತಿದಲ್ಲಿಂದ ಇಳಿಸುವ ತನಕ ಹಿಡಿಯಬೇಕು. ಸ್ಟುಡಿಯೊಗೆ ಕರೆಸಬಾರದು. ಸೊಲ್ಲು ಕತ್ತರಿಸಬಾರದು, ನಡುವೆ ಅಳುವ ಮಗುವಿನ ಸದ್ದೂ ಇರಲಿ. ರಾಚಪ್ಪಾಜಿ, ಚೆನ್ನಾಜಮ್ಮರ ಸಾಲು ಯಾರಿಗೆ ಗೊತ್ತಿದೆಯೆಂದು ಹಿರಿಯರಲ್ಲಿ ವಿಚಾರಿಸಬೇಕು. ಹಾಡಿದವರಿಗೆ ರಾತ್ರಿಯ ಲೆಕ್ಕದಲ್ಲಿ ಸಂಭಾವನೆ ಕೊಡಬೇಕು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ಶಿವರಾತ್ರಿಯ ಮೇಲೆ ಯಾವುದಾದರೂ ಒಂದು ರಾತ್ರಿ ಕಪ್ಪಡಿಗೆ ಹೋಗಿ. ಮೈಸೂರಿನಿಂದ ಕೆ.ಆರ್. ನಗರಕ್ಕೆ ಬಸ್ಸಿದೆ. ಒಂದು ಚಾಪೆ, ಒಂದು ಹೊದಿಕೆ ತೆಗೆದುಕೊಳ್ಳಿ, ಹೊಳೆದಂಡೆಯಲ್ಲಿ ಬೆಳಗಿನ ಜಾವ ಚಳಿಯಿರುತ್ತದೆ. ಪದ ಎತ್ತಿದ ಮೇಲೆ ಅರ್ಧಕ್ಕೆ ಎದ್ದು ಬರಬೇಡಿ.